ಮಮ್ಮಿ ಮೇವು ತಿನ್ನಬಲ್ಲದು

ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಬಂದ ಮೇಲೆ ನಗು ಬರುವಂಥದ್ದು ಏನೂ ನಡೆಯದ ವಾರವನ್ನು ನಾನು ಕಂಡಿಲ್ಲ. ಕಷ್ಟ ಏನೆಂದರೆ, ಅದು ನಡೆಯುವಾಗ ನಗುವ ಹಾಗಿಲ್ಲ. ಎದುರಿಗೆ ಕೂತವರು ನನಗಿಂತ ಹಿರಿಯರು. ಸರ್ಕಾರಿ ನೌಕರಿಯಲ್ಲಿ ತಲೆ ಹಣ್ಣಾದವರು. ಕಂಪ್ಯೂಟರ್ ಪರೀಕ್ಷೆ ಪಾಸಾಗದಿದ್ದರೆ ಒಬ್ಬರ ಬಡ್ತಿ ನಿಲ್ಲುತ್ತದೆ, ಇನ್ನೊಬ್ಬರ ನೌಕರಿಯೇ ಖಾಯಂ ಆಗುವುದಿಲ್ಲ. ಅಂಥವರ ಮುಂದೆ ತುಟಿ ಬಿಗಿಹಿಡಿದು ನಿಂತು, ಸಂಜೆ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿ ನಕ್ಕಿದ್ದೇನೆ. ಕೆಲವು ಸಲ ನಗಬೇಕೆಂದು ಕಿಟಕಿಗೆ ಮುಖ ಮಾಡಿದವಳಿಗೆ ನಗು ಬರದೆ ಹಾಗೇ ಕೂತದ್ದೂ ಉಂಟು.

ನಮ್ಮೂರು ಚಿತ್ತಾಪುರ. ಮೊದಲು ಕೆಟ್ಟ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಆಮೇಲೆ ಸೇಡಂ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ತರಬೇತಿ ಕೇಂದ್ರದಲ್ಲಿ ಕಲಿಸಲು ಶುರು ಮಾಡಿದೆ. ಎಷ್ಟೋ ಬ್ಯಾಚುಗಳು ಬಂದು ಹೋದವು. ಈಗ ಹೇಳುವುದೆಲ್ಲ ಒಂದೇ ಬ್ಯಾಚಿನ ಕಥೆ. ಅದರಲ್ಲಿ ನಾಲ್ವರು ಇದ್ದರು. ಚಿಂಚೋಳಿ ಕಡೆಯ ಪಶು ಆಸ್ಪತ್ರೆಯ ಹಿರಿಯ ನೌಕರರೊಬ್ಬರು. ಅವರನ್ನು ಎಲ್ಲರೂ ದನದ ಡಾಕ್ಟರ್ ಅಂತಲೇ ಕರೆಯುತ್ತಿದ್ದರು. ಚಿತ್ತಾಪುರದ ಕಚೇರಿಯೊಂದರ ಶಿರಸ್ತೇದಾರರು. ಶಹಾಬಾದದ ಒಬ್ಬ ಗುಮಾಸ್ತ, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವನು. ಮತ್ತೆ ಆಡಕಿಯಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳು. ಆಕೆಯ ಗಂಡ ನೌಕರಿಯಲ್ಲಿದ್ದಾಗಲೇ ತೀರಿಕೊಂಡು, ಅನುಕಂಪದ ಮೇಲೆ ಆಕೆಗೆ ಅದೇ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ನಾವೆಲ್ಲ ಆಕೆಯನ್ನು ಆಡಕಿ ಅಕ್ಕ ಅನ್ನುತ್ತಿದ್ದೆವು.

ಕಂಪ್ಯೂಟರ್ ಎಂಬ ಯಂತ್ರ ಮಾಡುವ ಕೆಲಸಗಳು ಮೂಲದಲ್ಲಿ ಭಾಳ ಇಲ್ಲ. ಹೊರಗಿನದನ್ನು ಒಳಗೆ ತೆಗೆದುಕೊಳ್ಳುತ್ತದೆ, ಹೇಳಿದ ಹಾಗೆ ಅದರ ಮೇಲೆ ಕೆಲಸ ಮಾಡುತ್ತದೆ, ಬೇಕಾದದ್ದನ್ನು ಇಟ್ಟುಕೊಳ್ಳುತ್ತದೆ, ಉತ್ತರವನ್ನು ಹೊರಗೆ ಕೊಡುತ್ತದೆ. ಇದೆಲ್ಲ ಒಂದರ ಹಿಂದೊಂದು ಸರಿಯಾಗಿ ನಡೆಯಲಿ ಅಂತ ಒಳಗೊಂದು ಯಜಮಾನಿಕೆ ಇರುತ್ತದೆ. ಇಷ್ಟೇ ಪಾಠ. ಆದರೆ ಇಷ್ಟೇ ಪಾಠ ಹೇಳಿ ಮುಗಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

೧. ಡಬ್ಬಿ ಬಿಚ್ಚಿದ್ದು

ಮೊದಲ ದಿನ ನಾನು ಯಂತ್ರದ ಒಳಗೇನಿರುತ್ತದೆ ಅಂತ ತೋರಿಸುವುದು ವಾಡಿಕೆ. ಆ ದಿನ ಶಹಾಬಾದದ ಗುಮಾಸ್ತ ತಮ್ಮ ಕಚೇರಿಯ ಕೆಟ್ಟ ಕಂಪ್ಯೂಟರನ್ನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. "ಮೇಡಂ, ಇದು ಚಾಲೂ ಆಗ್ತದ, ಜರಾ ಹೊತ್ತಿಗೆ ತಾನೇ ಬಂದ್ ಆಗ್ತದ" ಅಂದ. ಒಳ್ಳೆಯದೇ ಆಯಿತು, ಇದನ್ನೇ ಬಿಚ್ಚಿ ತೋರಿಸೋಣ ಅಂತ ಮೊದಲು ಚಾಲೂ ಮಾಡಿ ನೋಡಿದೆ. ಸ್ವಲ್ಪ ಹೊತ್ತಿಗೆ ಬಂದ್ ಆಯಿತು. ವೈರ್ ಕಿತ್ತು ಪಕ್ಕದ ಹಲಗೆ ತೆಗೆದೆ.

ಒಳಗೆ ಏನೂ ಕಾಣಲಿಲ್ಲ. ಎಲ್ಲದರ ಮೇಲೂ ಬಿಳಿ ಧೂಳು, ಜೋಳದ ಹಿಟ್ಟು ಜರಡಿ ಹಿಡಿದ ಹಾಗೆ. ಅವರ ಕಚೇರಿಯ ಹಿಂದೆಯೇ ಕಲ್ಲು ಕೊಯ್ದು ಪಾಲಿಶ್ ಮಾಡುವ ಜಾಗ. ಫ್ಯಾನಿನ ರೆಕ್ಕೆಗಳ ನಡುವೆ ಧೂಳು ಮೆತ್ತಿ ಗಟ್ಟಿಯಾಗಿತ್ತು.

ದನದ ಡಾಕ್ಟರು ಕನ್ನಡಕ ಸರಿ ಮಾಡಿಕೊಂಡು ಮುಂದೆ ಬಂದರು. ಎರಡು ಬೆರಳಿನಿಂದ ಒಳಗಿನ ಬಿಸಿ ಭಾಗವನ್ನು ಮೆಲ್ಲಗೆ ಮುಟ್ಟಿದರು. ಆಮೇಲೆ ಕೈಯ ಹಿಂಬದಿಯಿಂದ ಮುಟ್ಟಿ ನೋಡಿದರು.

"ಜ್ವರ ಅದ" ಅಂದರು.

"ಹೌದ್ರಿ, ಬಿಸಿ ಹೆಚ್ಚಾದರೆ ತನ್ನನ್ನು ತಾನು ಕಾಪಾಡಿಕೊಳ್ಳಲಿಕ್ಕೆ ಬಂದ್ ಆಗ್ತದ" ಅಂದೆ.

"ಉಸಿರಾಟದ ತೊಂದ್ರಿ. ಗಾಳಿ ಹೋಗೋ ದಾರಿ ಕಟ್ಟ್ಯದ. ನೀರು ಕುಡಿಸ್ತೀರೇನು?"

"ನೀರು ಹಾಕಿದ್ರ ಸಾಯ್ತದ್ರಿ."

"ಹಂಗಾರ ಇದು ದನಕ್ಕಿಂತ ನಾಜೂಕ" ಅಂತ ಹೇಳಿ ಹಿಂದೆ ಸರಿದರು.

ನಾನು ಬ್ರಶ್ಶಿನಿಂದ ಒರೆಸಿ, ಗಾಳಿ ಊದುವ ಯಂತ್ರ ಹಿಡಿದೆ. ಕೋಣೆಯ ತುಂಬ ಬಿಳಿ ಮೋಡ. ಎಲ್ಲರೂ ಸೆರಗು, ಟವೆಲ್ ಮೂಗಿಗೆ ಹಿಡಿದರು. ಧೂಳು ಕೂತ ಮೇಲೆ ಮತ್ತೆ ಜೋಡಿಸಿ ಚಾಲೂ ಮಾಡಿದರೆ ಯಂತ್ರ ಬಂದ್ ಆಗಲೇ ಇಲ್ಲ. ಹೊಸದರ ಹಾಗೆ ಓಡತೊಡಗಿತು. ನಾನು ಹೆಮ್ಮೆಯಿಂದ ಎಲ್ಲರನ್ನೂ ನೋಡಿದೆ.

ಶಹಾಬಾದದ ಗುಮಾಸ್ತ ಮಾತ್ರ ಖುಷಿಯಾದ ಹಾಗೆ ಕಾಣಲಿಲ್ಲ. ನೆಲಕ್ಕೆ ಬಿದ್ದ ಆ ಬಿಳಿ ಪುಡಿಯನ್ನೇ ನೋಡುತ್ತ, ಒಮ್ಮೆ ಕೆಮ್ಮಿ, ಕೇಳಿದ:

"ಮೇಡಂ, ಇದೇ ಧೂಳಿನಾಗ ಹನ್ನೆರಡು ತಿಂಗಳು ನಾನೂ ಕುಂದರ್ತೀನ್ರಿ. ನನ್ನ ಡಬ್ಬಿ ಯಾರು ಬಿಚ್ತಾರ್ರಿ?"

೨. ರೇಡಿಯೋದವರ ಫೋನು

ಯಂತ್ರದೊಳಗೆ ಮಾತು ಹೋಗಲು ಕೀಲಿಮಣೆ ಒಂದೇ ದಾರಿ ಅಂತ ಎಲ್ಲರೂ ತಿಳಿದಿದ್ದರು. ದನದ ಡಾಕ್ಟರಿಗೆ ಕೀಲಿಮಣೆ ಅಂದರೆ ಆಗುತ್ತಿರಲಿಲ್ಲ. ಆಕಳ ಹೊಟ್ಟೆಯೊಳಗೆ ಮೊಳಕೈವರೆಗೆ ಕೈ ಹಾಕಿ ಅಡ್ಡ ಬಂದ ಕರುವನ್ನು ತಿರುಗಿಸಿ ತೆಗೆದ ಕೈ ಅದು. ಒಂದು ಅಕ್ಷರ ಒತ್ತಿದರೆ ಅಕ್ಕಪಕ್ಕದ ಮೂರೂ ಬೀಳುತ್ತಿದ್ದವು. ಅವರು ಬೇಜಾರಾಗಿದ್ದನ್ನು ನೋಡಿ ನಾನು ಮೈಕ್ ತಂದುಕೊಟ್ಟೆ. "ಇದರೊಳಗ ಮಾತಾಡಿದ್ರ ಸಾಕು, ಅದೇ ಬರ್ಕೊಂತದ. ಇದೂ ಒಳಗೆ ಹೋಗೋ ದಾರಿನೇ" ಅಂದೆ.

ಅವರ ಮುಖ ಅರಳಿತು. ಮೈಕನ್ನು ಬಾಯಿಗೆ ಹತ್ತಿರ ಹಿಡಿದು, ಎಮ್ಮೆ ಮೇವು ತಿನ್ನುತ್ತಿಲ್ಲ ಅಂತ ದಿನಾಲೂ ಆಸ್ಪತ್ರೆಯಲ್ಲಿ ಬರೆಯುವ ಮಾತನ್ನೇ ನಮ್ಮ ಕಡೆಯ ಹಾಗೆ ದೊಡ್ಡ ದನಿಯಲ್ಲಿ ಹೇಳಿದರು:

"ಎಮ್ಮಿ ಮೇವು ತಿನ್ನವಲ್ದು."

ಯಂತ್ರ ಒಂದು ಕ್ಷಣ ಯೋಚನೆ ಮಾಡಿ ಬರೆಯಿತು: ಮಮ್ಮಿ ಮೇವು ತಿನ್ನಬಲ್ಲದು.

ಡಾಕ್ಟರು ಅದನ್ನು ಎರಡು ಸಲ ಓದಿದರು. "ಮೇಡಂ, ಎಮ್ಮಿ ತಿನ್ನವಲ್ದು ಅಂತ ನಾನು ಅಂದ್ರ, ಮಮ್ಮಿ ತಿನ್ನಬಲ್ಲದು ಅಂತ ಇದು ಅಂತದ. ರೋಗನೇ ಹಾರಿಹೋಯ್ತಲ್ರಿ? ಇನ್ನ ನಾ ಔಷಧ ಯಾರಿಗೆ ಕೊಡ್ಲಿ?"

"ಅದಕ್ಕ ನಮ್ಮ ಕಡೆ ಮಾತು ಸರಿಯಾಗಿ ತಿಳಿಯಂಗಿಲ್ರಿ. ಪುಸ್ತಕದಾಗಿನ ಕನ್ನಡ ಮಾತಾಡ್ರಿ" ಅಂದೆ.

ಹಾಗೆ ಹೇಳಿದ್ದು ನನ್ನ ತಪ್ಪೋ ಅವರ ಶ್ರದ್ಧೆಯೋ, ಅಂದಿನಿಂದ ಅವರು ರೂಢಿ ಆಗಲಿ ಅಂತ ಎಲ್ಲರ ಜೊತೆಗೂ ಪುಸ್ತಕದ ಕನ್ನಡವನ್ನೇ ಮಾತಾಡತೊಡಗಿದರು. ಚಹಾದವನಿಗೆ "ಸ್ವಲ್ಪ ಸಕ್ಕರೆಯನ್ನು ಕಡಿಮೆ ಹಾಕಿರಿ" ಅಂದರು. ಆತ ಕಂಗಾಲಾಗಿ, ಇವರು ತಪಾಸಣೆಗೆ ಬಂದ ಅಧಿಕಾರಿ ಅಂತ ತಿಳಿದು, ಗ್ಲಾಸನ್ನು ಮತ್ತೊಮ್ಮೆ ತೊಳೆದು ಕೊಟ್ಟ. ಆಡಕಿ ಅಕ್ಕನಿಗೆ "ತಾವು ಕುಳಿತುಕೊಳ್ಳಿರಿ" ಅಂದರು. ಆಕೆ ಗಾಬರಿಯಾಗಿ ಎದ್ದು ನಿಂತಳು.

ಒಂದು ಮಧ್ಯಾಹ್ನ ಕ್ಲಾಸಿನ ನಡುವೆ ಅವರ ಫೋನ್ ರಿಂಗಾಯಿತು. ಮನೆಯಿಂದ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ, ಗಂಟಲು ಸರಿ ಮಾಡಿಕೊಂಡು ಹೇಳಿದರು:

"ನಾನು ಈಗ ತರಗತಿಯಲ್ಲಿ ಕುಳಿತಿದ್ದೇನೆ. ಸಾಯಂಕಾಲದ ವೇಳೆಗೆ ಮನೆಯನ್ನು ತಲುಪುತ್ತೇನೆ. ಚಿಂತಿಸಬೇಡ."

ಆ ಕಡೆಯಿಂದ ಸದ್ದಿಲ್ಲ. ಅವರು "ಹಲೋ, ಕೇಳಿಸುತ್ತಿದೆಯೇ?" ಅಂದರು. ಆಮೇಲೆ ಮುಖ ಸಣ್ಣದು ಮಾಡಿ ಫೋನನ್ನು ನನ್ನ ಕೈಗೆ ಕೊಟ್ಟರು. "ಅಳಲಿಕತ್ತಾಳ್ರಿ. ನೀವೇ ಮಾತಾಡ್ರಿ."

ನಾನು ಹಲೋ ಅಂದೆ. ಹೆಂಗಸಿನ ದನಿ ನಡುಗುತ್ತಿತ್ತು.

"ಅಕ್ಕಾರ, ನಮ್ಮ ಮನಿಯವರು ಎಲ್ಲಿ ಅದಾರ್ರಿ? ಅವರಿಗೇನಾಗ್ಯದ್ರಿ? ಅವರ ಫೋನ್ ರೇಡಿಯೋದವರ ಕೈಗೆ ಹ್ಯಾಂಗ ಹೋಯ್ತ್ರಿ?"

೩. ಎರಡು ಮತ್ತು ಮೂರು

ಯಂತ್ರದ ಒಳಗೆ ಲೆಕ್ಕ ಹೇಗೆ ನಡೆಯುತ್ತದೆ ಅನ್ನುವುದು ಬಾಯಿಂದ ಹೇಳಿದರೆ ಯಾರ ತಲೆಗೂ ಹೋಗಲಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ನಾಲ್ವರೂ ಸೇರಿ ಒಂದು ಕಂಪ್ಯೂಟರ್ ಆಗಬೇಕು. ಆಡಕಿ ಅಕ್ಕ ಅಂಕಿ ಬರೆದ ಚೀಟಿ ಒಳಗೆ ತರುವವಳು. ದನದ ಡಾಕ್ಟರು ನೆನಪು. ಕೊಟ್ಟದ್ದನ್ನು ಹಿಡಿದುಕೊಂಡು ಕೇಳಿದಾಗ ಕೊಡಬೇಕು. ಶಿರಸ್ತೇದಾರರು ಲೆಕ್ಕ ಮಾಡುವವರು. ಶಹಾಬಾದದ ಗುಮಾಸ್ತ ನಿಯಂತ್ರಣ ಮಾಡುವವನು: ಯಾವುದು ಎಲ್ಲಿಗೆ ಹೋಗಬೇಕು, ಯಾರು ಯಾವಾಗ ಏನು ಮಾಡಬೇಕು ಅಂತ ಹೇಳುವವನು. ಎರಡು ಮತ್ತು ಮೂರನ್ನು ಕೂಡಿಸಬೇಕು. ಅಷ್ಟೇ.

ಶಿರಸ್ತೇದಾರರು ಕುರ್ಚಿಯಿಂದ ಅಲ್ಲಾಡಲಿಲ್ಲ.

"ಮೇಡಂ, ಇಂವ ನನಗ ಹುಕುಂ ಕೊಡಾಂವೇನ್ರಿ?"

"ಆಟ ಅದ್ರಿ ಸರ್."

"ಆಟದಾಗೂ ಸೀನಿಯಾರಿಟಿ ಅಂತ ಒಂದು ಇರ್ತದ."

ಸರಿ ಅಂತ ಅದಲು ಬದಲು ಮಾಡಿದೆ. ಶಿರಸ್ತೇದಾರರು ನಿಯಂತ್ರಣ, ಗುಮಾಸ್ತ ಲೆಕ್ಕ. ಆಡಕಿ ಅಕ್ಕ ಚೀಟಿ ತಂದು ಶಿರಸ್ತೇದಾರರ ಮುಂದೆ ಇಟ್ಟಳು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿದರು.

"ತಾರೀಖಿಲ್ಲ."

ಅಕ್ಕ ಹೋಗಿ ತಾರೀಖು ಹಾಕಿಕೊಂಡು ಬಂದಳು.

"ವಿಷಯ ಬರ್ದಿಲ್ಲ."

ಆಕೆ 'ವಿಷಯ: ಎರಡು ಮತ್ತು ಮೂರನ್ನು ಕೂಡಿಸುವ ಬಗ್ಗೆ' ಅಂತ ಬರೆದು ತಂದಳು. ಶಿರಸ್ತೇದಾರರ ಮುಖದಲ್ಲಿ ಈಗ ಸ್ವಲ್ಪ ಸಮಾಧಾನ ಕಂಡಿತು. ಚೀಟಿಯ ಮೂಲೆಯಲ್ಲಿ ಸಣ್ಣದೊಂದು ಸಹಿ ಹಾಕಿ ನೆನಪಿನ ಕಡೆಗೆ ಕಳಿಸಿದರು. ನೆನಪು, ಅಂದರೆ ದನದ ಡಾಕ್ಟರು, ಚೀಟಿಯನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

"ಈಗ ಅದನ್ನ ಲೆಕ್ಕದವರಿಗೆ ಕೊಡ್ರಿ" ಅಂತ ನಾನು ಪಿಸುಗುಟ್ಟಿದೆ.

"ಸಾಹೇಬ್ರು ಕೇಳಿಲ್ರಿ" ಅಂದರು ಕಣ್ಣು ಬಿಡದೆ.

ಅಷ್ಟರಲ್ಲಿ ಶಹಾಬಾದದ ಗುಮಾಸ್ತನಿಗೆ ತಡೆಯಲಾಗಲಿಲ್ಲ. "ಐದ್ರಿ! ಐದು!" ಅಂತ ಕೂಗಿಬಿಟ್ಟ.

ಶಿರಸ್ತೇದಾರರು ಅವನನ್ನು ಕೆಂಗಣ್ಣಿನಿಂದ ನೋಡಿದರು. "ನಿನಗ ಕಡತ ಬಂದದೇನು? ಬರದ ಕಡತಕ್ಕ ಉತ್ತರ ಹ್ಯಾಂಗ ಕೊಟ್ಟಿ? ನಾಳೆ ಯಾರಾದ್ರೂ ಕೇಳಿದ್ರ ಏನಂತ ಹೇಳ್ತಿ?"

ಗುಮಾಸ್ತ ತಲೆ ತಗ್ಗಿಸಿ ಕೂತ. ಚಹಾದ ಹೊತ್ತಾಯಿತು. ಕುಡಿದು ಬಂದೆವು. ಚೀಟಿ ಇನ್ನೂ ಡಾಕ್ಟರ ಜೇಬಿನಲ್ಲೇ ಇತ್ತು. ಎಲ್ಲಿಗೆ ಬಂತು ಅಂತ ಕೇಳಿದರೆ ಶಿರಸ್ತೇದಾರರು ಗಂಭೀರವಾಗಿ "ಪರಿಶೀಲನ್ಯಾಗ ಅದ" ಅಂದರು.

ನಾನು ಬೇಸತ್ತು ಹೇಳಿದೆ: "ಸರ್, ಖರೇ ಯಂತ್ರ ಇಂಥ ಲೆಕ್ಕ ನಾವು ಕಣ್ಣು ಮಿಟುಕಿಸೋದ್ರೊಳಗ ಕೋಟಿಗಟ್ಲೆ ಮಾಡ್ತದ್ರಿ."

ಅವರು ಸ್ವಲ್ಪವೂ ಅಲುಗಾಡಲಿಲ್ಲ.

"ಮಾಡ್ತದ ಬಿಡ್ರಿ. ಅದಕ್ಕ ಆಡಿಟ್ ಇಲ್ಲ."

೪. ಖಾಲಿ ಹಾಳೆ

ಆಡಕಿ ಅಕ್ಕನ ಬಗ್ಗೆ ಸ್ವಲ್ಪ ಹೇಳಬೇಕು. ಆಕೆಯ ಗಂಡ ಬೆಳಿಗ್ಗೆ ರೊಟ್ಟಿ ಕಟ್ಟಿಸಿಕೊಂಡು ಕಚೇರಿಗೆ ಹೋದವರು ಮಧ್ಯಾಹ್ನ ಎದೆ ಹಿಡಿದುಕೊಂಡು ಕುರ್ಚಿಯಲ್ಲೇ ಹೋಗಿಬಿಟ್ಟರಂತೆ. ಮನೆಯಲ್ಲಿ ವಯಸ್ಸಾದ ಅತ್ತೆ, ಶಾಲೆಗೆ ಹೋಗುವ ಮಗಳು. ಆಕೆ ಪಿಯುಸಿ ಓದಿದ್ದಳು, ಮದುವೆಯಾದ ಮೇಲೆ ಪೆನ್ನು ಹಿಡಿದದ್ದು ಕಡಿಮೆ. ಗಂಡ ಕೂತಿದ್ದ ಕೋಣೆಯಲ್ಲೇ ಈಗ ಆಕೆಯ ಮೇಜು. ಪರೀಕ್ಷೆ ಪಾಸಾಗದಿದ್ದರೆ ನೌಕರಿ ಖಾಯಂ ಆಗುವುದಿಲ್ಲ ಅಂತ ಕಚೇರಿಯಲ್ಲಿ ಎಲ್ಲರೂ ದಿನಾಲೂ ನೆನಪಿಸುತ್ತಿದ್ದರು. ಕ್ಲಾಸಿನಲ್ಲಿ ಆಕೆ ಕೀಲಿಮಣೆಯ ಮೇಲೆ ಬೆರಳಿಡುವ ಮೊದಲು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. ಕೈ ಬೆವರುತ್ತಿತ್ತು.

ಕಲಿಕೆ ನಿಧಾನ. ಆದರೆ ಒಂದು ದಿನ ಆಕೆ ಮೊದಲ ಸಲ ಪೂರ್ತಿ ಒಂದು ಪುಟ ಬೆರಳಚ್ಚು ಮಾಡಿದಳು. ಕಚೇರಿಯ ವಿಳಾಸ, ವಿಷಯ, ಮಾನ್ಯರೇ, ಕೆಳಗೆ ತನ್ನ ಹೆಸರು, ಎಲ್ಲ. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ತಲೆ ಎತ್ತದೆ ಕೂತು ಮಾಡಿದ ಪುಟ. ನನ್ನನ್ನು ಕರೆದು ತೋರಿಸಿದಳು. "ಭಾಳ ಛಲೋ ಆಗ್ಯದ, ಅಕ್ಕ" ಅಂದೆ. ಆಕೆ ನಕ್ಕದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು.

ಆಗಲೇ ಕರೆಂಟ್ ಹೋಯಿತು. ಕರೆಂಟ್ ಹೋದರೆ ಸ್ವಲ್ಪ ಹೊತ್ತು ಎಳೆಯಬೇಕಾದ ಬ್ಯಾಟರಿ ನಮ್ಮ ಕೇಂದ್ರದಲ್ಲಿ ಹೆಸರಿಗೆ ಮಾತ್ರ ಇತ್ತು. ಎಲ್ಲ ಪರದೆಗಳೂ ಒಟ್ಟಿಗೆ ಕಪ್ಪಾದವು.

ಕರೆಂಟ್ ಬಂದ ಮೇಲೆ ಹುಡುಕಿದೆವು. ಪುಟ ಇರಲಿಲ್ಲ. ಯಂತ್ರಕ್ಕೆ ಎರಡು ಥರದ ನೆನಪು, ಕೆಲಸ ಮಾಡುವಾಗ ಹಿಡಿದುಕೊಳ್ಳುವ ನೆನಪು ಒಂದು, ಇಟ್ಟುಕೊಳ್ಳುವ ನೆನಪು ಇನ್ನೊಂದು, ಮೊದಲನೆಯದು ಕರೆಂಟ್ ಹೋದರೆ ಖಾಲಿಯಾಗುತ್ತದೆ, ಉಳಿಯಬೇಕಾದರೆ ನಾವು 'ಸೇವ್' ಅಂತ ಹೇಳಿ ಎರಡನೆಯದಕ್ಕೆ ದಾಟಿಸಬೇಕು ಅಂತ ನಾನು ವಿವರಿಸಿದೆ. ಹಿಂದಿನ ವಾರವೂ ವಿವರಿಸಿದ್ದೆ. ಆದರೆ ಏನಾದರೂ ಕಳೆದುಕೊಂಡಾಗ ಕೇಳುವ ಪಾಠವೇ ಬೇರೆ.

ಆಕೆ ಅಳಲಿಲ್ಲ. ಪರದೆಯನ್ನೇ ನೋಡುತ್ತ ಕೂತಿದ್ದಳು. ಶಿರಸ್ತೇದಾರರು ಎದ್ದು ಹೋಗಿ ಆಕೆಗೆ ಒಂದು ಗ್ಲಾಸ್ ನೀರು ತಂದುಕೊಟ್ಟರು. ಅವರು ಯಾರಿಗಾದರೂ ನೀರು ತಂದುಕೊಟ್ಟದ್ದನ್ನು ಅವರ ಕಚೇರಿಯವರು ಕೇಳಿದರೆ ನಂಬಲಿಕ್ಕಿಲ್ಲ. ಆಕೆ ನೀರು ಕುಡಿದು ಕೇಳಿದಳು:

"ಮತ್ತ ಬರೀಲೇನ್ರಿ?"

"ಬರೀರಿ ಅಕ್ಕ."

ಕೈ ಒರೆಸಿಕೊಂಡು ಮತ್ತೆ ಮೊದಲಿಂದ ಶುರು ಮಾಡಿದಳು. ಮರುದಿನದಿಂದ ಆಕೆಯ ಮೇಜಿನ ಕಡೆಯಿಂದ ಒಂದೇ ಸದ್ದು: ಒಂದು ಅಕ್ಷರ, ಸೇವ್, ಒಂದು ಅಕ್ಷರ, ಸೇವ್. ಪಕ್ಕದಲ್ಲಿ ಕೂತ ದನದ ಡಾಕ್ಟರಿಗೆ ತಾಳಲಾಗಲಿಲ್ಲ. "ಅಲ್ಲಮ್ಮ, ಹಿಂಗ ತುತ್ತಿಗೊಮ್ಮೆ ಕೈ ತೊಳ್ಕೊಂಡ್ರ ಊಟ ಯಾವಾಗ ಮುಗೀತದ?" ಅಂದರು. ಆಕೆ ಕೇಳಿಸಿಕೊಳ್ಳಲಿಲ್ಲ.

ವಾರ ಕಳೆದ ಮೇಲೆ ಆಕೆಯ ಕಡತಗಳನ್ನು ನಾನು ತೆಗೆದು ನೋಡಿದೆ. ಬರೆದ ಪತ್ರಗಳ ಜೊತೆ ಬೇರೆ ಕಡತಗಳೂ ಇದ್ದವು; ಅವುಗಳಲ್ಲಿ ಮೊದಲನೆಯದು ಖಾಲಿ ಹಾಳೆ. ಎರಡನೆಯದೂ ಖಾಲಿ. ಮೂರು, ನಾಲ್ಕು, ಐದು, ಎಲ್ಲ ಖಾಲಿ. ಒಂದೊಂದಕ್ಕೂ ಬೇರೆ ಬೇರೆ ಹೆಸರು.

"ಅಕ್ಕ, ಇವುಗಳೊಳಗ ಏನೂ ಇಲ್ಲಲ್ಲ? ಖಾಲಿ ಹಾಳೆ ಯಾಕ ಸೇವ್ ಮಾಡೀರಿ?"

ಆಕೆ ನನ್ನನ್ನು, ಇಷ್ಟೂ ತಿಳಿಯದವಳು ಟೀಚರ್ ಹೇಗಾದಳು ಅನ್ನುವ ಹಾಗೆ ನೋಡಿದಳು.

"ಬರೀಲಿಕ್ಕೆ ಕುಂತಾಗ ಅದೂ ಇರ್ಲಿಲ್ಲಂದ್ರ ಎದರ ಮ್ಯಾಲ ಬರೀಬೇಕ್ರಿ?"

೫. ಹೊಟ್ಟೆನೋವು

ಹೊರಗೆ ಕೊಡುವ ಕೆಲಸದಲ್ಲಿ ಪ್ರಿಂಟರಿನದು ವಿಚಿತ್ರ ಸ್ವಭಾವ. ಅದು ಸುಮ್ಮನಿದ್ದರೆ ಕೇಳಿಸಿಲ್ಲ ಅಂತ ಅರ್ಥವಲ್ಲ. ಹೇಳಿದ್ದೆಲ್ಲ ಸಾಲಿನಲ್ಲಿ ನಿಂತಿರುತ್ತದೆ, ದಾರಿ ಬಿಟ್ಟ ಕೂಡಲೇ ಎಲ್ಲ ಹೊರಗೆ ಬರುತ್ತದೆ. ಇದನ್ನು ನಾನು ಮುಂದಿನ ವಾರ ಹೇಳಬೇಕು ಅಂದುಕೊಂಡಿದ್ದೆ. ಶಹಾಬಾದದ ಗುಮಾಸ್ತನಿಗೆ ಅಷ್ಟು ತಡೆಯಲಾಗಲಿಲ್ಲ.

ಅವನಿಗೆ ಒಂದು ದಿನ ರಜೆ ಬೇಕಿತ್ತು. ಹೆಂಡತಿಯ ತಮ್ಮನ ನಿಶ್ಚಿತಾರ್ಥ. ಅವರ ಸಾಹೇಬರು ನಿಶ್ಚಿತಾರ್ಥಕ್ಕೆಲ್ಲ ರಜೆ ಕೊಡುವವರಲ್ಲ. ಅದಕ್ಕೆ ಇವನು ಹೊಸದಾಗಿ ಕಲಿತ ವಿದ್ಯೆಯನ್ನೆಲ್ಲ ಹಾಕಿ ತಮ್ಮ ಕಚೇರಿಯಲ್ಲೇ ಒಂದು ಅರ್ಜಿ ತಯಾರು ಮಾಡಿದ. ತನಗೆ ತೀವ್ರವಾದ ಹೊಟ್ಟೆನೋವು ಇದ್ದು, ಎಣ್ಣೆಯಲ್ಲಿ ಕರಿದದ್ದನ್ನು ಮುಟ್ಟಬಾರದೆಂದು ವೈದ್ಯರು ತಾಕೀತು ಮಾಡಿರುವುದರಿಂದ, ಇತ್ಯಾದಿ. ಪ್ರಿಂಟ್ ಕೊಟ್ಟ. ಬರಲಿಲ್ಲ. ಮತ್ತೆ ಕೊಟ್ಟ. ಬರಲಿಲ್ಲ. ಸಿಟ್ಟಿನಲ್ಲಿ ಒತ್ತಿದ, ಬೇಡಿಕೊಂಡು ಒತ್ತಿದ, ಎದ್ದು ನಿಂತು ಒತ್ತಿದ. ಕೊನೆಗೆ ಕೈಯಿಂದಲೇ ಎರಡು ಸಾಲು ಬರೆದು ಸಾಹೇಬರ ಮೇಜಿನ ಮೇಲಿಟ್ಟು ಹೋದ. ಪ್ರಿಂಟರಿನಲ್ಲಿ ಕಾಗದವೇ ಇರಲಿಲ್ಲ ಅನ್ನುವುದು ಅವನಿಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿಯ ಜವಾನ ಕಾಗದ ತುಂಬಿದ. ಪ್ರಿಂಟರು ಹೊಟ್ಟೆನೋವು ಹೊರಗೆ ಹಾಕತೊಡಗಿತು. ಬಂತು, ಬಂತು, ಬರುತ್ತಲೇ ಇತ್ತು. ಜವಾನ ಒಳ್ಳೆಯವನು, ಸಾಹೇಬರ ಕಣ್ಣಿಗೆ ಬಿದ್ದರೆ ಕಷ್ಟ ಅಂತ ಇಡೀ ಕಟ್ಟನ್ನು ಕಂಕುಳಲ್ಲಿ ಅಡಗಿಸಿಕೊಂಡು ಹೋಗಿ, ಹೊರಗಿನ ಭಜಿ ಗಾಡಿಯವನಿಗೆ ಕೊಟ್ಟು ಕೈ ಝಾಡಿಸಿಕೊಂಡ.

ಅದೇ ದಿನ ಸಂಜೆ ನಿಶ್ಚಿತಾರ್ಥ ಮುಗಿಸಿಕೊಂಡು ಹೆಂಡತಿಯ ಜೊತೆ ವಾಪಸ್ ಬಂದ ಗುಮಾಸ್ತ ಬಸ್ಸಿಳಿದ. ಮಿರ್ಚಿ ಭಜಿಯ ವಾಸನೆ ಮೂಗಿಗೆ ಬಡಿಯಿತು. ಒಂದು ಪೊಟ್ಟಣ ಕಟ್ಟಿಸಿಕೊಂಡು ಮೊದಲನೆಯದನ್ನು ಬಾಯಿಗೆ ಹಾಕಿಕೊಂಡ. ಪಕ್ಕದಲ್ಲಿ ಯಾರೋ ತಮ್ಮ ಭಜಿ ತಿಂದು, ಎಣ್ಣೆ ಹತ್ತಿದ ಕಾಗದವನ್ನು ಬೀದಿ ದೀಪಕ್ಕೆ ಹಿಡಿದು ಓದುತ್ತ ನಿಂತಿದ್ದರು. ಓದಿ ಮುಗಿಸಿ ಕಾಗದ ಇಳಿಸಿದರು. ಸಾಹೇಬರು.

ಗುಮಾಸ್ತನ ಬಾಯಿಯಲ್ಲಿ ಬಿಸಿ ಮಿರ್ಚಿ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕಣ್ಣಲ್ಲಿ ನೀರು.

ಸಾಹೇಬರು ಅವನನ್ನು ಭಾಳ ಹೊತ್ತು ನೋಡಿದರು. ಆಮೇಲೆ, ನಿಜವಾಗಲೂ ಮರುಕ ಬಂದವರ ಹಾಗೆ, ಭಜಿಯವನ ಕಡೆ ತಿರುಗಿ ಹೇಳಿದರು:

"ಇವಗ ಇನ್ನ ನಾಲ್ಕು ಹಾಕು. ಪಾಪ, ಹೊಟ್ಟಿ ಭಾಳ ನೋಯ್ಲಿಕತ್ತದ."

೬. ವಾಡಿಯಲ್ಲಿ ಪರೀಕ್ಷೆ

ಪರೀಕ್ಷೆ ವಾಡಿಯ ಒಂದು ಕಾಲೇಜಿನಲ್ಲಿ ನಡೆಯಿತು. ಬೇಸಿಗೆ. ಕಿಟಕಿಯ ಹೊರಗೆ ಗೂಡ್ಸ್ ಗಾಡಿಗಳು ನಿಂತಿದ್ದವು, ಒಳಗೆ ಫ್ಯಾನುಗಳು ಬಿಸಿ ಗಾಳಿಯನ್ನೇ ತಿರುವಿ ಹಾಕುತ್ತಿದ್ದವು. ಯಂತ್ರಗಳು ಕೆಟ್ಟರೆ ನೋಡಿಕೊಳ್ಳಲು ನನ್ನನ್ನು ಕರೆಸಿದ್ದರು. ಆದರೆ ಬಾಗಿಲ ಹತ್ತಿರ ನಿಲ್ಲಬೇಕು, ಪರೀಕ್ಷೆ ಬರೆಯುವವರ ಜೊತೆ ಒಂದು ಮಾತೂ ಆಡಕೂಡದು, ಕಣ್ಣಿನಿಂದಲೂ ಸನ್ನೆ ಮಾಡಕೂಡದು ಅಂತ ಮೇಲ್ವಿಚಾರಕರು ಮೊದಲೇ ಎಚ್ಚರಿಸಿದ್ದರು. ಅವರು ಬೇರೆ ಊರಿನಿಂದ ಬಂದ ಶಿಸ್ತಿನ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಮಿರಮಿರ ಹೊಳೆಯುವ ಬೂಟು.

ನಮ್ಮ ನಾಲ್ವರೂ ಒಂದೇ ಸಾಲಿನಲ್ಲಿ ಕೂತಿದ್ದರು. ಆಡಕಿ ಅಕ್ಕ ಪತ್ರ ಬೆರಳಚ್ಚು ಮಾಡುವ ಭಾಗವನ್ನು ಮುಗಿಸಿದ್ದು ನನಗೆ ದೂರದಿಂದಲೇ ಕಂಡಿತು. ಅರ್ಧ ಧೈರ್ಯ ಬಂತು. ಮುಂದಿನದು ಪ್ರಶ್ನೆಗಳು. ಒಂದು ಪ್ರಶ್ನೆಗೆ ಆಕೆ ನಿಂತುಬಿಟ್ಟಳು. ಉತ್ತರ ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದಳು. ತುಟಿಗಳು ಅಲುಗುತ್ತಿದ್ದವು. ಹಾಗೇ ಭಾಳ ಹೊತ್ತು ಕೂತಳು.

ಯಾರೂ ಏನೂ ಮುಟ್ಟದೆ ಬಿಟ್ಟರೆ ಯಂತ್ರ ಕರೆಂಟ್ ಉಳಿಸಲು ಪರದೆಯನ್ನು ತಾನೇ ಆರಿಸಿಕೊಳ್ಳುತ್ತದೆ. ಇದನ್ನು ನಾನು ಕ್ಲಾಸಿನಲ್ಲಿ ಹೇಳಿರಲಿಲ್ಲ. ನಮ್ಮ ಕೇಂದ್ರದ ಹಳೆಯ ಯಂತ್ರಗಳಿಗೆ ಆ ಬುದ್ಧಿಯೂ ಇರಲಿಲ್ಲ.

ಆಕೆ ಕಣ್ಣು ತೆರೆದಾಗ ಎದುರಿಗೆ ಕಪ್ಪು ಪರದೆ.

ಆಕೆಯ ಮುಖ ನಾನು ನೋಡಿದೆ. ಕೂಗಲಿಲ್ಲ, ಕೈ ಎತ್ತಲಿಲ್ಲ. ಸುತ್ತ ಎಲ್ಲರ ಪರದೆಗಳೂ ಬೆಳಗುತ್ತಿದ್ದವು; ತನ್ನದೊಂದೇ ಹೋಗಿದೆ ಅಂತ ಆಕೆಗೆ ಅರ್ಥವಾಯಿತು. ತಪ್ಪು ತನ್ನದೇ ಇರಬೇಕು ಅಂತ ತಿಳಿದವರ ಹಾಗೆ ಸುಮ್ಮನೆ ಕೂತಳು. "ಮೌಸ್ ಅಲುಗಾಡಿಸ್ರಿ ಅಕ್ಕ" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಆಕೆಯನ್ನೇ ಹೊರಗೆ ಹಾಕುತ್ತಾರೆ. ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡು ನಿಂತೆ.

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಏನನ್ನಿಸಿತೋ, ಎರಡೂ ಕೈ ಮೇಜಿನ ಮೇಲೆ ಊರಿ, ಬಾಗಿ, ಹಣೆಯನ್ನು ಮೇಜಿಗೆ ಹಚ್ಚಿ ನಮಸ್ಕಾರ ಮಾಡಿದಳು. ಮೇಜು ಅಲುಗಿತು. ಮೌಸ್ ಜರುಗಿತು. ಪರದೆ ಹೊತ್ತಿಕೊಂಡಿತು. ಬರೆದದ್ದೆಲ್ಲ ಇಟ್ಟಲ್ಲೇ ಇತ್ತು.

ಆಕೆ ಎರಡೂ ಕೆನ್ನೆ ಮುಟ್ಟಿಕೊಂಡು, ಏನೂ ಆಗದವಳ ಹಾಗೆ ಮುಂದಿನ ಪ್ರಶ್ನೆಗೆ ಹೋದಳು.

ಪಕ್ಕದಲ್ಲಿ ದನದ ಡಾಕ್ಟರು ಇದನ್ನೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ಪರದೆಯೂ ಆರಿತು. ಅವರು ಹಿಂದೆ ಮುಂದೆ ನೋಡದೆ ಕನ್ನಡಕ ತೆಗೆದಿಟ್ಟು ಅಡ್ಡಬಿದ್ದರು. ಹೊತ್ತಿಕೊಂಡಿತು. ಅವರಾಚೆ ಶಹಾಬಾದದ ಗುಮಾಸ್ತ. ಅವನ ಪರದೆ ಆರಿರಲೇ ಇಲ್ಲ. ಇರಲಿ ಅಂತ ಅವನೂ ಮುಂಚಿತವಾಗಿ ಒಂದು ನಮಸ್ಕಾರ ಹಾಕಿದ. ಕೊನೆಗೆ ಶಿರಸ್ತೇದಾರರು. ಅವರ ಪರದೆಯೂ ಆರಿತ್ತು. ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಅಂಗಿಯ ಗುಂಡಿ ಹಾಕಿಕೊಂಡರು. ಆಮೇಲೆ ಹುದ್ದೆಗೆ ತಕ್ಕ ಹಾಗೆ, ತಲೆಯನ್ನು ಸ್ವಲ್ಪ ಮಾತ್ರ ಬಾಗಿಸಿದರು. ಅಷ್ಟರಿಂದ ಮೇಜು ಅಲುಗಲಿಲ್ಲ. ಪೂರ್ತಿ ಬಾಗಬೇಕಾಯಿತು.

ಮೇಲ್ವಿಚಾರಕರು ಓಡಿ ಬಂದರು. "ಏನಿದು? ಇದು ಪರೀಕ್ಷಾ ಕೊಠಡಿಯೋ ದೇವಸ್ಥಾನವೋ? ಇನ್ನು ಯಾರಾದರೂ ಯಂತ್ರಕ್ಕೆ ಕೈಮುಗಿದರೆ ಹೊರಗೆ ಕಳಿಸುತ್ತೇನೆ!" ಅಂತ ಗದರಿದರು. ಎಲ್ಲರೂ ತಲೆ ತಗ್ಗಿಸಿ ಬರೆದರು. ನಾನು ಹೊರಗೆ ಗೂಡ್ಸ್ ಗಾಡಿಯ ಕಡೆ ಮುಖ ಮಾಡಿ ನಿಂತೆ. ನಗುವೋ ಅಳುವೋ ನನಗೇ ಗೊತ್ತಾಗದೆ ಕಣ್ಣು ತುಂಬಿತ್ತು.

ಫಲಿತಾಂಶ ಕೆಲವು ವಾರಗಳ ಮೇಲೆ ಬಂತು. ನಾಲ್ವರೂ ಪಾಸಾದರು. ಆಡಕಿ ಅಕ್ಕ ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಶೇಂಗಾ ಹೋಳಿಗೆ ಕಟ್ಟಿಕೊಂಡು ಕೇಂದ್ರಕ್ಕೆ ಬಂದಳು. "ಈಕೀನೇ ನೋಡ್ರಿ ಅತ್ತಿ, ನನಗ ಕಲಿಸಿದಾಕಿ" ಅಂತ ನನ್ನನ್ನು ತೋರಿಸಿದಳು. ಆ ಮುದುಕಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅಕ್ಕನ ನೌಕರಿ ಖಾಯಂ ಆಯಿತು. ಈಗ ಅದೇ ಕೋಣೆಯಲ್ಲಿ, ಅದೇ ಮೇಜಿನ ಹಿಂದೆ ಕೂತಿರುತ್ತಾಳೆ.

ಆದರೆ ಆ ದಿನ ವಾಡಿಯಲ್ಲಿ ಪರೀಕ್ಷೆ ಮುಗಿದ ಮೇಲೆ ನಡೆದದ್ದೊಂದು ಉಳಿದಿದೆ. ಎಲ್ಲರ ಉತ್ತರಗಳನ್ನು ಮೇಲ್ವಿಚಾರಕರು ತಮ್ಮ ಮೇಜಿನ ಯಂತ್ರದಿಂದ ಮೇಲಕ್ಕೆ ಕಳಿಸಬೇಕಿತ್ತು. ಕಳಿಸುವವರೆಗೆ ಯಾರೂ ಏಳುವಂತಿಲ್ಲ. ಅವರು ಕುರ್ಚಿಗೆ ಬಂದು ಕೂತರೆ ಅವರ ಪರದೆಯೂ ಕಪ್ಪು. ಮೌಸ್ ಅಲ್ಲಾಡಿಸಿದರು. ಬರಲಿಲ್ಲ. ಕೀಲಿಗಳನ್ನು ಒತ್ತಿದರು. ಬರಲಿಲ್ಲ. ಪರದೆಯ ತಲೆಯ ಮೇಲೆ ಒಂದು ಏಟು ಹಾಕಿದರು. ಅವರ ಹಣೆಯ ಮೇಲೆ ಬೆವರು ಮೂಡಿತು. ಇಷ್ಟೂ ಜನರ ಉತ್ತರ ಅದರೊಳಗೆ. ಪರದೆಯ ಹಿಂದಿನ ವೈರು ಸಡಿಲವಾಗಿದ್ದದ್ದು ಬಾಗಿಲ ಹತ್ತಿರ ನಿಂತ ನನಗೆ ಕಾಣುತ್ತಿತ್ತು. ನಾನು ಹೇಳಬೇಕು ಅಂತ ಒಂದು ಹೆಜ್ಜೆ ಮುಂದಿಟ್ಟೆ.

ಅಷ್ಟರಲ್ಲಿ ಅವರು ಸುತ್ತ ಒಮ್ಮೆ ನೋಡಿದರು. ಎಲ್ಲರೂ ಕೆಳಗೆ ನೋಡುತ್ತಿದ್ದಾರೆ ಅಂತ ಖಾತ್ರಿ ಮಾಡಿಕೊಂಡರು. ಮೆಲ್ಲಗೆ ಎದ್ದು ನಿಂತು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಮೇಜಿಗೆ ಹಣೆ ಹಚ್ಚಿದರು.

ಏನೂ ಆಗಲಿಲ್ಲ.

ಅಷ್ಟೊತ್ತಿಗೆ ಎಲ್ಲರೂ ತಲೆ ಎತ್ತಿ ನೋಡುತ್ತಿದ್ದರು. ಆಗ ಸಾಲಿನಿಂದ ಆಡಕಿ ಅಕ್ಕನ ದನಿ ಕೇಳಿಸಿತು. ಅದರಲ್ಲಿ ಕುಚೋದ್ಯದ ಸುಳಿವೇ ಇರಲಿಲ್ಲ. ಕಷ್ಟದಲ್ಲಿದ್ದವರಿಗೆ ದಾರಿ ಹೇಳುವ ಕಾಳಜಿ ಮಾತ್ರ ಇತ್ತು.

"ಸರ್, ಬೂಟ್ ಬಿಟ್ಟು ಮಾಡ್ರಿ."